ಮೂಕಿ

ಟಾಕಿಗೆ, ಅಂದರೆ ಮಾತು ಕೇಳಿಸುವ ಚಿತ್ರಕ್ಕೆ, ಪ್ರಾಸವಾಗಿ ಕೂತಿರುವ ಈ ಪದ, ಟಾಕಿ ಬರುವವರೆಗೆ ಯಾರಿಗೂ ಬೇಕಾಗಿರಲಿಲ್ಲ. 1931ರಲ್ಲಿ ಹಿಂದಿಯ ‘ಆಲಂ ಆರಾ’, 1934ರಲ್ಲಿ ಕನ್ನಡದ ‘ಸತಿ ಸುಲೋಚನ’ ಬಾಯಿಬಿಟ್ಟ ಮೇಲೆ ಹಳೆಯ ಚಿತ್ರಗಳಿಗೊಂದು ಬೇರೆ ಹೆಸರು ಬೇಕಾಯಿತು. ಅದಕ್ಕೂ ಮುಂಚೆ ಅವು ಬರೀ ಸಿನಿಮಾ. ರಂಗದ ಮೇಲೆ ಮಾತು, ಹಾಡುಗಳಿಂದಲೇ ಜನರನ್ನು ಹಿಡಿದಿಟ್ಟ ನಮ್ಮ ಗುಬ್ಬಿ ವೀರಣ್ಣನವರೂ ‘ಹರಿಮಾಯಾ’ದಂತಹ ಮೂಕಿಗಳನ್ನು ತಯಾರಿಸಿದ್ದರು.

ಮೂಕಿಯೆಂದರೆ ಸದ್ದಿಲ್ಲದ ಚಿತ್ರವಲ್ಲ. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ ನುಡಿಯುತ್ತಿದ್ದವು. ಮಾತಿಲ್ಲದ ಚಿತ್ರವೂ ಅಲ್ಲ. ಪಾತ್ರಗಳು ಧಾರಾಳವಾಗಿ ಮಾತನಾಡುತ್ತವೆ, ತೀರಾ ಅಗತ್ಯವಾದದ್ದು ಅಕ್ಷರದ ಫಲಕವಾಗಿ ಬರುತ್ತದೆ. ನಮಗೆ ಕೇಳಿಸದಿರುವುದು ಅವರ ದನಿ. ಹಾಗಾಗಿ 1987ರ ‘ಪುಷ್ಪಕ ವಿಮಾನ’ವನ್ನು ಮೂಕಿ ಎನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಬೀದಿಯ ಗದ್ದಲವೆಲ್ಲ ಕಿವಿಗೆ ಬೀಳುತ್ತದೆ, ಮಾತನಾಡುವ ಪ್ರಸಂಗವಷ್ಟೇ ಬರುವುದಿಲ್ಲ.

ಬೇಕೆಂದೇ ಮೂಕಿಯಾದ ಹೊಸ ಚಿತ್ರವೆಂದರೆ 2011ರ ಫ್ರೆಂಚ್ ಚಿತ್ರ ‘ದಿ ಆರ್ಟಿಸ್ಟ್’. ಬಣ್ಣದ ಫಿಲ್ಮಿನಲ್ಲಿ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿದರು. ಐದು ಆಸ್ಕರ್ ಬಂದವು. ಟಾಕಿ ಬಂದು ನೆಲೆ ಕಳೆದುಕೊಳ್ಳುವ ಮೂಕಿ ನಟನ ಕಥೆ. ಅವನಿಗೊಂದು ಕೆಟ್ಟ ಕನಸು: ಗ್ಲಾಸನ್ನು ಮೇಜಿನ ಮೇಲಿಟ್ಟರೆ ಠಣ್ಣೆನ್ನುತ್ತದೆ! ನಾಯಿ ಬೊಗಳುತ್ತದೆ, ನೆಲಕ್ಕೆ ಬಿದ್ದ ಹಕ್ಕಿಯ ಗರಿಯೂ ಗುಡುಗುತ್ತದೆ. ಅವನು ಕಿರುಚಿದರೆ ಮಾತ್ರ ಸ್ವರವಿಲ್ಲ. ಅಷ್ಟು ಹೊತ್ತು ಸದ್ದನ್ನು ತಡೆದಿಟ್ಟುಕೊಂಡದ್ದರಿಂದಲೇ ಒಂದು ಗ್ಲಾಸಿಗೆ ಅಷ್ಟು ಬೆಲೆ ಬಂತು.

ತುಮಕೂರಿನ ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ಅಮ್ಮ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. “ಬಣ್ಣವೂ ಇಲ್ಲ, ಮಾತೂ ಇಲ್ಲ. ಟಿವಿ ಕೆಟ್ಟಿದೆಯೇನೋ ನೋಡು” ಎಂದರು. ಅವರು ಧಾರಾವಾಹಿ ನೋಡುವುದು ಕಿವಿಯಲ್ಲಿ. ಕಣ್ಣು ಬೇಳೆಯ ಮೇಲೆ, ಕಥೆ ಒಂದಿಷ್ಟೂ ತಪ್ಪುವುದಿಲ್ಲ. ಮೂಕಿಯಲ್ಲಿ ಆ ಉಪಾಯ ನಡೆಯದು. ತಲೆ ಬಗ್ಗಿಸಿದರೆ ಕಥೆ ಕೈಬಿಟ್ಟಂತೆಯೇ.

ಚಿತ್ರದ ನಾಯಕಿ ಒಬ್ಬಳೇ ಆ ನಟನ ಕೋಣೆಗೆ ಬರುತ್ತಾಳೆ. ತೂಗುಹಾಕಿದ ಅವನ ಕೋಟಿನ ಒಂದು ತೋಳಿಗೆ ತನ್ನ ಕೈ ತೂರಿಸಿ, ಆ ಕೈಯಿಂದ ತನ್ನದೇ ಸೊಂಟ ಬಳಸುತ್ತಾಳೆ. ಕೋಟೇ ಅವಳನ್ನು ಅಪ್ಪಿಕೊಂಡಂತೆ ಕಾಣುತ್ತದೆ. ಅಮ್ಮನ ಬೆರಳು ನಿಂತಿತು. ಮುಂದೆ ಇಂಗ್ಲಿಷ್ ಫಲಕ ಬಂದಾಗ ಓದಿ ಹೇಳಲು ಬಾಯಿ ತೆರೆದೆ.

“ನೀನು ಸುಮ್ಮನಿರು” ಎಂದರು.