ಬಂಧ ಮುರಿದರೆ ಶಕ್ತಿ ಹೊರಬರುವುದಿಲ್ಲ

ಇಂಧನದ ರಾಸಾಯನಿಕ ಬಂಧಗಳಲ್ಲಿ ಶಕ್ತಿ ಅಡಗಿರುತ್ತದೆ, ಬಂಧ ಮುರಿದಾಗ ಅದು ಹೊರಬರುತ್ತದೆ ಎನ್ನುವವರು ಬಹಳ ಮಂದಿ. ನಡೆಯುವುದು ಇದಕ್ಕೆ ತದ್ವಿರುದ್ಧ. ಬಂಧ ಮುರಿಯಬೇಕಾದರೆ ಶಕ್ತಿಯನ್ನು ಕೊಡಲೇಬೇಕು. ಶಕ್ತಿ ಬಿಡುಗಡೆಯಾಗುವುದು ಹೊಸ ಬಂಧ ಏರ್ಪಟ್ಟಾಗ. ಮುರಿಯುವುದು ಖರ್ಚು, ಕೂಡುವುದು ಜಮಾ.

ಮೀಥೇನ್ ಉರಿಯುವುದನ್ನೇ ತೆಗೆದುಕೊಳ್ಳಿ. ಒಂದು ಮೋಲ್ (ಅಣುಗಳನ್ನು ಎಣಿಸಲು ರಸಾಯನವಿಜ್ಞಾನ ಬಳಸುವ ನಿಗದಿತ ಪ್ರಮಾಣ), ಅಂದರೆ 16 ಗ್ರಾಂ ಮೀಥೇನ್‌ಗೆ ಎರಡು ಮೋಲ್ ಆಮ್ಲಜನಕ ಬೇಕು. ಇಂಗಾಲ ಮತ್ತು ಜಲಜನಕದ ನಡುವಿನ ನಾಲ್ಕು ಬಂಧಗಳನ್ನು ಬಿಡಿಸಲು ತಲಾ 413 ಕಿಲೋಜೌಲ್, ಆಮ್ಲಜನಕದ ಎರಡು ದ್ವಿಬಂಧಗಳಿಗೆ ತಲಾ 498. ಒಟ್ಟು ಖರ್ಚು 2,648. ಇಂಗಾಲದ ಡೈಆಕ್ಸೈಡ್‌ನ ಎರಡು ದ್ವಿಬಂಧಗಳು ತಲಾ 799, ನೀರಿನ ನಾಲ್ಕು ಬಂಧಗಳು ತಲಾ 463 ಕೊಡುತ್ತವೆ. ಒಟ್ಟು ಜಮಾ 3,450. ಮಿಕ್ಕ 802 ಕಿಲೋಜೌಲ್ ಜ್ವಾಲೆಯ ಬಿಸಿಯಾಗಿ ಹೊರಬೀಳುತ್ತದೆ. ನೀರು ಆವಿಯಾಗಿಯೇ ಉಳಿದರೆ ಈ ಲೆಕ್ಕ; ಆವಿ ತಣಿದು ನೀರಾದರೆ ಇನ್ನೂ 88 ಸೇರಿ 890 ಆಗುತ್ತದೆ. ಬಂಧಶಕ್ತಿಗಳಲ್ಲಿ ಹಲವು ಸರಾಸರಿ ಬೆಲೆಗಳಾದ್ದರಿಂದ ಲೆಕ್ಕವೂ ಅಳತೆಯೂ ಎಲ್ಲೆಡೆ ಇಷ್ಟು ಚೆನ್ನಾಗಿ ತಾಳೆಯಾಗುವುದಿಲ್ಲ.

ಈ ಅಂಕಿಗಳಲ್ಲಿ ನನ್ನ ಕಣ್ಣು ನಿಲ್ಲುವುದು 498ರ ಮೇಲೆ. ದ್ವಿಬಂಧವಾಗಿಯೂ ಅದು ಸಡಿಲ. ಉರಿಯುವ ಕೀರ್ತಿಯೆಲ್ಲ ಇಂಧನಕ್ಕೆ ಸಲ್ಲುತ್ತದೆ, ಆದರೆ ಲಾಭದ ಗುಟ್ಟು ಬಹುಮಟ್ಟಿಗೆ ಆಮ್ಲಜನಕದ ಆ ದುರ್ಬಲ ಬಂಧದಲ್ಲಿದೆ. ಸಾರಜನಕದ ತ್ರಿಬಂಧ ಮುರಿಯಲು 945 ಕಿಲೋಜೌಲ್ ತೆರಬೇಕು. ಹಾಗಾಗಿ ಅದು ಆಮ್ಲಜನಕದೊಡನೆ ಸೇರಿ ನೈಟ್ರಿಕ್ ಆಕ್ಸೈಡ್ ಆಗುವಾಗ ಖರ್ಚೇ ಮೇಲಾಗಿ, ಸುಮಾರು 180 ಕಿಲೋಜೌಲ್ ಹೊರಗಿನಿಂದ ಬರಬೇಕಾಗುತ್ತದೆ. ಮಿಂಚಿನಂಥ ಕಾವಿನಲ್ಲಿ ಅದು ಸಿಗುತ್ತದೆ. ಇದು ಶಾಖ ಹೀರುವ ಅಂತರುಷ್ಣಕ ಕ್ರಿಯೆ, ಶಾಖದ ಲೆಕ್ಕದಲ್ಲಿ ಅದರ ಚಿಹ್ನೆ ಧನ. ಮೀಥೇನಿನದು ಶಾಖ ಬಿಡುವ ಬಹಿರುಷ್ಣಕ, ಚಿಹ್ನೆ ಋಣ: ವಸ್ತುಗಳು ಕಳೆದುಕೊಂಡದ್ದು ಎಂಬ ಅರ್ಥದಲ್ಲಿ.

ಕ್ರಿಯೆಯ ಉಷ್ಣವನ್ನು ಅಳೆಯುವುದಕ್ಕೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಶಾಖ ಸೋರದ ಥರ್ಮೋಕೋಲ್ ಲೋಟದಲ್ಲಿ 1 ಮೋಲಾರ್ (ಲೀಟರಿಗೆ ಒಂದು ಮೋಲ್) ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್, ತಲಾ 50 ಮಿಲಿಲೀಟರ್ ಬೆರೆಸಿದರೆ ತಾಪ ಹೆಚ್ಚುಕಡಿಮೆ 6.7 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ದ್ರಾವಣದ 100 ಗ್ರಾಂ, ನೀರಿನ ವಿಶಿಷ್ಟ ಉಷ್ಣ (ಒಂದು ಗ್ರಾಂ ಒಂದು ಡಿಗ್ರಿ ಬಿಸಿಯಾಗಲು ಬೇಕಾದ ಜೌಲ್) 4.18, ತಾಪದ ಏರಿಕೆ 6.7, ಇವನ್ನು ಗುಣಿಸಿದರೆ 2,800 ಜೌಲ್. ವರ್ತಿಸಿದ್ದು 0.05 ಮೋಲ್, ಆದ್ದರಿಂದ ಮೋಲ್‌ಗೆ 56 ಕಿಲೋಜೌಲ್.

ಕೆಲವು ಕ್ರಿಯೆಗಳು ಮಾತ್ರ ಯಾವ ಲೋಟಕ್ಕೂ ಬಗ್ಗುವುದಿಲ್ಲ. ಇಂಗಾಲವನ್ನು ಅರೆಬರೆ ಉರಿಸಿ ಮೊನಾಕ್ಸೈಡ್ ಮಾಡಲು ಹೊರಟರೆ ಡೈಆಕ್ಸೈಡ್ ಕೂಡ ಹುಟ್ಟಿಕೊಂಡು ಅಳತೆ ಕೆಡುತ್ತದೆ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ರಸಾಯನವಿಜ್ಞಾನಿ ಜರ್ಮೇನ್ ಹೆಸ್ 1840ರಲ್ಲಿ ಇದಕ್ಕೆ ದಾರಿ ತೋರಿಸಿದರು. ಆರಂಭ ಮತ್ತು ಕೊನೆ ಒಂದೇ ಆಗಿದ್ದರೆ, ಕ್ರಿಯೆ ಯಾವ ಹಂತಗಳನ್ನು ಹಾದುಹೋದರೂ ಒಟ್ಟು ಉಷ್ಣ ಬದಲಾಗದು. ಇಂಗಾಲ ಪೂರ್ತಿ ಉರಿದರೆ ಮೋಲ್‌ಗೆ 393.5 ಕಿಲೋಜೌಲ್ ಬಿಡುತ್ತದೆ. ಮೊನಾಕ್ಸೈಡ್ ಉರಿದು ಡೈಆಕ್ಸೈಡ್ ಆದರೆ 283. ಎರಡನ್ನೂ ಅಳೆಯಬಹುದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ, ಲೋಟಕ್ಕೆ ಸಿಕ್ಕದ ಆ ಕ್ರಿಯೆಯ ಉಷ್ಣ ಸಿಗುತ್ತದೆ: 110.5 ಕಿಲೋಜೌಲ್.