ಕಾರ್ಡ್ ಹಾಕಿದರೆ ಬೋರ್ಡ್ ಏಳುವುದೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಕೊಳವೆಬಾವಿಯ ಪಂಪ್ ಎಷ್ಟು ಹೊತ್ತು ಓಡಿತು, ಎಷ್ಟು ನೀರು ಬಂತು ಎಂದು ದಾಖಲಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಅದಕ್ಕೆ ಸೀನಿಯರ್‌ಗಳು ಬಿಟ್ಟುಹೋದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಸಿಕ್ಕಿದೆ. ಹೊಸ ಡೆಬಿಯನ್ ಲಿನಕ್ಸ್ ಇಳಿಸಿಕೊಂಡು 32 ಜಿಬಿ ಮೆಮೊರಿ ಕಾರ್ಡಿಗೆ ಹಾಕಿದೆ. ಕಾರ್ಡ್ ಇಲ್ಲದೆ ವಿದ್ಯುತ್ ಕೊಟ್ಟರೆ ಸೀನಿಯರ್‌ಗಳ ಹಳೆಯ ಲಿನಕ್ಸ್ ಏಳುತ್ತದೆ. ಕಾರ್ಡ್ ಹಾಕಿ ಬಟನ್ ಒತ್ತಿದರೆ ಕೆಲವು ಸಲ ಮತ್ತೆ ಹಳೆಯದೇ ಏಳುತ್ತದೆ, ಕೆಲವು ಸಲ ಪವರ್ ದೀಪ ಮಾತ್ರ ಉರಿದು ಉಳಿದ ನಾಲ್ಕು ನೀಲಿ ದೀಪಗಳು ಸುಮ್ಮನಿರುತ್ತವೆ. ಮೂರು ಕಾರ್ಡ್ ಬದಲಿಸಿ ನೋಡಿದೆ. ಬೋರ್ಡ್ ಸುಟ್ಟುಹೋಗಿದೆಯೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸುಟ್ಟಿಲ್ಲ. ಅದಕ್ಕೆ ಸಾಕ್ಷಿಯನ್ನು ನೀವೇ ಬರೆದಿದ್ದೀರಿ. ಕಾರ್ಡ್ ಇಲ್ಲದೆ ಹಳೆಯ ಲಿನಕ್ಸ್ ಏಳುತ್ತದೆ ಎಂದಮೇಲೆ ಪ್ರೊಸೆಸರ್, 512 ಎಂಬಿ ರ‍್ಯಾಮ್, ವಿದ್ಯುತ್ ಹಂಚುವ ಚಿಪ್ ಎಲ್ಲವೂ ಕ್ಷೇಮ. ಮೂರು ಕಾರ್ಡುಗಳೂ ಒಂದೇ ರೀತಿ ಕೈಕೊಟ್ಟಿವೆ ಎಂದಮೇಲೆ ಕಾರ್ಡಿನ ಮೇಲೆ ತಪ್ಪು ಹೊರಿಸುವುದೂ ಕಷ್ಟ. ನನ್ನ ಅನುಮಾನ ಎರಡರ ಮೇಲೆ: ನೀವು ಬಟನ್ ಒತ್ತಿದ ಕ್ರಮದ ಮೇಲೆ, ಮತ್ತು ಪ್ರಶ್ನೆಯಲ್ಲಿ ನೀವು ಸಲೀಸಾಗಿ ದಾಟಿಹೋದ ‘ಹಾಕಿದೆ’ ಎಂಬ ಪದದ ಮೇಲೆ.

ದಾವಣಗೆರೆಯ ನನ್ನ ಮೇಜಿಗೆ ಪ್ರಾಜೆಕ್ಟ್ ಕಾಲದಲ್ಲಿ ಇಂಥ ಬೋರ್ಡುಗಳು ‘ಸತ್ತಿದೆ’ ಎಂಬ ತೀರ್ಪಿನೊಂದಿಗೇ ಬರುತ್ತವೆ. ಹೆಚ್ಚಿನವು ಬದುಕಿರುತ್ತವೆ. ತಂದವರು ಅಷ್ಟರಲ್ಲಿ ಮೂರು ಕಾರ್ಡ್, ಎರಡು ಅಡಾಪ್ಟರ್ ಕೊಂಡಿರುತ್ತಾರೆ. ಬೋರ್ಡ್ ಎಲ್ಲಿ ನಿಂತಿತು ಎಂದು ಮಾತ್ರ ಯಾರೂ ನೋಡಿರುವುದಿಲ್ಲ.

ದುರ್ಗದವರಿಗೆ ಇದನ್ನು ಹೇಳುವುದು ಸುಲಭ. ಕೋಟೆ ಹತ್ತಬೇಕಾದರೆ ಒಂದೊಂದೇ ಬಾಗಿಲು ದಾಟಬೇಕು. ಕೆಳಗಿನ ಬಾಗಿಲಲ್ಲೇ ತಡೆದು ನಿಂತವರು, ಮೇಲೆ ಏಕನಾಥೇಶ್ವರಿಯ ಗುಡಿ ತೆರೆದಿದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡರೆ ಏನು ಬಂತು? ನಿಮ್ಮ ಬೋರ್ಡಿನಲ್ಲಿ ಮೊದಲ ಬಾಗಿಲು ಎಎಂ3358 ಎಂಬ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪ್ರೊಸೆಸರಿನೊಳಗೇ ಇದೆ. ಕಾರ್ಖಾನೆಯಲ್ಲೇ ಅಚ್ಚಾದ ಆ ರಾಮ್ ಕೋಡನ್ನು (ಓದಲು ಮಾತ್ರ ಬರುವ ಮೆಮೊರಿಯಲ್ಲಿರುವ ಪ್ರೋಗ್ರಾಂ; ರ‍್ಯಾಮ್ ಬೇರೆ) ಯಾರೂ ಬದಲಿಸಲಾಗದು. ಅದಕ್ಕೆ ಲಿನಕ್ಸ್ ಎಂದರೇನೆಂದೇ ಗೊತ್ತಿಲ್ಲ. ಕಾರ್ಡಿನ ಕೆಲವು ನಿಗದಿತ ಜಾಗಗಳಲ್ಲಿ, ಅಂದರೆ ಆರಂಭದಲ್ಲೇ, ಇಲ್ಲವೇ ಅಲ್ಲಿಂದ 128, 256, 384 ಕೆಬಿ ದೂರದಲ್ಲಿ, ಒಂದು ಪುಟ್ಟ ಪ್ರೋಗ್ರಾಂ ಇದೆಯೇ ಎಂದು ನೋಡುತ್ತದೆ. ಅಲ್ಲಿ ಸಿಗದಿದ್ದರೆ ಫ್ಯಾಟ್ ವಿಭಾಗದಲ್ಲಿ ಎಂಎಲ್ಒ ಎಂಬ ಹೆಸರಿನ ಫೈಲ್ ಹುಡುಕುತ್ತದೆ. ಸಿಕ್ಕರೆ ಅದನ್ನು ಪ್ರೊಸೆಸರಿನೊಳಗಿನ ಕಿರು ಮೆಮೊರಿಗೆ ಎತ್ತಿಕೊಳ್ಳುತ್ತದೆ, ಏಕೆಂದರೆ ಆ ಹೊತ್ತಿಗೆ ರ‍್ಯಾಮ್ ಇನ್ನೂ ಎಚ್ಚರವಾಗಿರುವುದಿಲ್ಲ. ಆ ಪುಟ್ಟ ಪ್ರೋಗ್ರಾಂ ರ‍್ಯಾಮನ್ನು ಎಬ್ಬಿಸಿ ಯು-ಬೂಟ್ ಎಂಬ ಬೂಟ್‌ಲೋಡರನ್ನು, ಅಂದರೆ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ ಅನ್ನು, ಕರೆತರುತ್ತದೆ. ಯು-ಬೂಟ್ ಲಿನಕ್ಸಿನ ತಿರುಳಾದ ಕರ್ನಲ್ ಅನ್ನೂ ಬೋರ್ಡಿನ ಭಾಗಗಳ ಪಟ್ಟಿಯಾದ ಡಿವೈಸ್ ಟ್ರೀಯನ್ನೂ ತರುತ್ತದೆ. ಕರ್ನಲ್ ಕೊನೆಗೆ ರೂಟ್ ಫೈಲ್ ಸಿಸ್ಟಂ, ಅಂದರೆ ಲಿನಕ್ಸಿನ ಉಳಿದ ಫೈಲುಗಳಿರುವ ವಿಭಾಗ, ತೆರೆಯುತ್ತದೆ. ಕರ್ನಲ್ ಎದ್ದ ಮೇಲೆಯೇ ನೀಲಿ ದೀಪ ಎದೆಬಡಿತದಂತೆ ಮಿನುಗುವುದು.

ಈಗ ಬಟನ್. ಕಾರ್ಡಿನ ಕಿಂಡಿ ಬೋರ್ಡಿನ ಹೊಟ್ಟೆಯ ಕಡೆಗಿದೆ. ಅದರ ನೇರ ಮೇಲ್ಭಾಗದಲ್ಲಿ ಎಸ್2 ಎಂದು ಬರೆದ ಬಟನ್ ಇದೆ. ಅದನ್ನು ಒತ್ತದೆ ವಿದ್ಯುತ್ ಕೊಟ್ಟರೆ ರಾಮ್ ಕೋಡ್ ಮೊದಲು ಬೋರ್ಡಿನಲ್ಲೇ ಬೆಸೆದಿರುವ ಇಎಂಎಂಸಿ ಸಂಗ್ರಹವನ್ನು ನೋಡುತ್ತದೆ, ಆಮೇಲೆ ಕಾರ್ಡ್, ಆಮೇಲೆ ಸೀರಿಯಲ್ ತಂತಿ, ಕೊನೆಗೆ ಯುಎಸ್‌ಬಿ. ಒತ್ತಿ ಹಿಡಿದು ಕೊಟ್ಟರೆ ಕ್ರಮ ಬದಲಾಗುತ್ತದೆ: ಮೊದಲು ಎಸ್‌ಪಿಐ (ಹೊರಗಿನಿಂದ ಚಿಪ್ ಜೋಡಿಸುವ ತಂತಿಗಳು), ನಂತರ ಕಾರ್ಡ್, ಯುಎಸ್‌ಬಿ, ಸೀರಿಯಲ್. ಎರಡನೆಯ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಇಎಂಎಂಸಿಯೇ ಇಲ್ಲ. ಕಾರ್ಡಿನಲ್ಲಿ ಬೇಕಾದದ್ದು ಸಿಗದಿದ್ದರೆ ಬೋರ್ಡ್ ಹಳೆಯ ಲಿನಕ್ಸಿಗೆ ಮರಳುವುದಿಲ್ಲ, ಕಾಯುತ್ತಾ ಕೂರುತ್ತದೆ. ನೀವು ಕಂಡ ಸುಮ್ಮನಿರುವ ದೀಪಗಳು ಇದೇ.

ಹಾಗಾದರೆ ಕೆಲವು ಸಲ ಹಳೆಯದು ಏಕೆ ಎದ್ದಿತು? ಆ ಸಲ ನೀವು ಎಸ್2 ಹಿಡಿದುಕೊಂಡು ರೀಸೆಟ್ ಒತ್ತಿರಬೇಕು. ಎಸ್2 ಸ್ಥಿತಿಯನ್ನು ಪ್ರೊಸೆಸರ್ ಓದುವುದು ವಿದ್ಯುತ್ ಬಂದ ಕ್ಷಣದಲ್ಲಿ ಮಾತ್ರ. ರೀಸೆಟ್ ಒತ್ತಿದಾಗ ಅದು ಮತ್ತೆ ಓದುವುದಿಲ್ಲ, ಹಿಂದೆ ನೆನಪಿಟ್ಟುಕೊಂಡದ್ದನ್ನೇ ನಡೆಸುತ್ತದೆ. ಆದ್ದರಿಂದ ಪ್ಲಗ್ ಕೀಳಿ, ಕಾರ್ಡ್ ಹಾಕಿ, ಎಸ್2 ಒತ್ತಿ ಹಿಡಿದುಕೊಂಡೇ ಪ್ಲಗ್ ಚುಚ್ಚಿ, ಮೂರು ನಾಲ್ಕು ಸೆಕೆಂಡ್ ಬಿಟ್ಟು ಬೆರಳು ತೆಗೆಯಿರಿ. ಅಡಾಪ್ಟರ್ ಮತ್ತು ಯುಎಸ್‌ಬಿ ಎರಡನ್ನೂ ಚುಚ್ಚಿದ್ದರೆ ಎರಡನ್ನೂ ಕೀಳಬೇಕು. ಒಂದನ್ನೇ ಕಿತ್ತು ‘ಆಫ್ ಮಾಡಿದೆ’ ಎಂದುಕೊಳ್ಳುವವರನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಇನ್ನು ‘ಹಾಕಿದೆ’. ನಮ್ಮ ಭಾಷೆಯಲ್ಲಿ ಹಾಡನ್ನೂ ಕಾರ್ಡಿಗೆ ಹಾಕುತ್ತೇವೆ, ಮದುವೆಯ ಫೋಟೊವನ್ನೂ ಹಾಕುತ್ತೇವೆ, ಲಿನಕ್ಸನ್ನೂ ಹಾಕುತ್ತೇವೆ. ಮೊದಲ ಎರಡಕ್ಕೆ ನಕಲು ಮಾಡಿ ಅಂಟಿಸಿದರೆ ಆಯಿತು. ಮೂರನೆಯದಕ್ಕೆ ಆಗದು. ನೀವು ಇಳಿಸಿಕೊಂಡ ಇಮೇಜ್ ಕಾರ್ಡಿನೊಳಗೆ ಇಡುವ ಫೈಲ್ ಅಲ್ಲ. ಅದು ಇಡೀ ಕಾರ್ಡಿನ ತದ್ರೂಪು, ವಿಭಾಗಗಳ ಪಟ್ಟಿಯೂ ಬೂಟ್‌ಲೋಡರ್ ಕೂರುವ ಜಾಗವೂ ಅದರಲ್ಲೇ ಬಂದಿರುತ್ತವೆ. ಅದನ್ನು ಫೈಲಾಗಿ ನಕಲು ಮಾಡಿದರೆ, ಸೈಟಿನಲ್ಲಿ ಮನೆಯ ನಕ್ಷೆ ಹಾಸಿ ಬಂದು ಬಾಗಿಲು ತೆರೆಯುತ್ತಿಲ್ಲ ಎಂದು ದೂರಿದಂತೆ. ಪರೀಕ್ಷಿಸುವುದು ಸುಲಭ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ. ಒಳಗೆ ಒಂದೇ ಒಂದು ದೊಡ್ಡ ಇಮೇಜ್ ಫೈಲ್ ಕಂಡರೆ, ಅಥವಾ ಹೆಸರಿನ ಬಾಲದಲ್ಲಿ ಎಕ್ಸ್‌ಜ಼ಡ್ ಎಂದಿರುವ ಕುಗ್ಗಿಸಿದ ಫೈಲ್ ಕಂಡರೆ, ರೋಗ ಸಿಕ್ಕಿತು.

ಸರಿಯಾಗಿ ಬರೆಯಲು ಬಲೇನಾ ಎಚರ್‌ನಂಥ ಸಾಧನ ಬಳಸಿ. ಅದು ಕುಗ್ಗಿಸಿದ ಇಮೇಜನ್ನು ತಾನೇ ಬಿಚ್ಚಿ ಬರೆಯುತ್ತದೆ, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಆ ತಾಳೆ ನೋಡುವ ಹಂತವನ್ನು ಅವಸರದಲ್ಲಿ ಬಿಡಬೇಡಿ. ಲಿನಕ್ಸಿನ ಡಿಡಿ ಆಜ್ಞೆ ಬಳಸುವವರು ಇಡೀ ಕಾರ್ಡಿಗೆ ಬರೆಯಬೇಕು, ಅದರ ಮೊದಲ ವಿಭಾಗಕ್ಕಲ್ಲ. ಸಾಧನದ ಹೆಸರಿನ ಕೊನೆಯಲ್ಲಿ ಒಂದು ಅಂಕಿ ಹೆಚ್ಚು ಬಿದ್ದರೆ ತದ್ರೂಪು ತಪ್ಪು ಜಾಗದಿಂದ ಆರಂಭವಾಗುತ್ತದೆ. ಒಂದು ಅಕ್ಷರ ತಪ್ಪಿದರೆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ. ಬರೆದ ಮೇಲೆ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಲಿನಕ್ಸ್ ವಿಭಾಗವನ್ನು ಓದಲು ಅದಕ್ಕೆ ಬಾರದು, ಅದಕ್ಕೇ ಆ ಪ್ರಶ್ನೆ. ಬೇಡ ಎನ್ನಿ. ಬೇಕು ಎಂದು ಒತ್ತಿ ಅರ್ಧ ಗಂಟೆಯ ಕೆಲಸ ಕಳೆದುಕೊಂಡವರು ನನ್ನ ಮುಂದೆಯೇ ಕುಳಿತಿದ್ದರು.

ಇಮೇಜ್ ನಿಮ್ಮ ಬೋರ್ಡಿನದೇ ಎಂಬುದನ್ನೂ ನೋಡಿ. ರಾಸ್ಪ್‌ಬೆರಿ ಪೈ ಇಮೇಜ್ ಇಲ್ಲಿ ಏಳದು. ಬೀಗಲ್‌ಪ್ಲೇ, ಎಐ-64ರಂಥ ಹೊಸ ಬೋರ್ಡುಗಳ 64 ಬಿಟ್ ಇಮೇಜೂ ಏಳದು. ನಿಮ್ಮದು 32 ಬಿಟ್ ಪ್ರೊಸೆಸರ್.

ಕಾರ್ಡ್ ನಕಲಿಯಾಗಿರುವ ಸಾಧ್ಯತೆಯೂ ಇದೆ, ಮೂರೂ ಒಂದೇ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದರೆ ಇನ್ನಷ್ಟು. ನಕಲಿ ಕಾರ್ಡ್ 32 ಜಿಬಿ ಎಂದು ಹೇಳಿಕೊಂಡು ಒಳಗೆ ಅದಕ್ಕಿಂತ ಬಹಳ ಕಡಿಮೆ ಇಟ್ಟುಕೊಂಡಿರುತ್ತದೆ. ಬರೆಯುವಾಗ ತಕರಾರು ಮಾಡುವುದಿಲ್ಲ, ಓದುವಾಗ ಬಣ್ಣ ಬಯಲಾಗುತ್ತದೆ. ಲಿನಕ್ಸಿನಲ್ಲಿ ಎಫ್3, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಾಧನಗಳು ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ಸತ್ಯ ಹೇಳುತ್ತವೆ.

ಕಿಂಡಿಯ ಮೇಲೆ ಅನುಮಾನವಿದ್ದರೆ ಹಳೆಯ ಲಿನಕ್ಸನ್ನೇ ಕೆಲಸಕ್ಕೆ ಹಚ್ಚಿ. ಕಾರ್ಡ್ ಇಲ್ಲದೆ ಬೋರ್ಡ್ ಏಳಲಿ, ಎದ್ದ ಮೇಲೆ ಕಾರ್ಡ್ ತಳ್ಳಿ. ಅದು ಸಾಧನಗಳ ಪಟ್ಟಿಯಲ್ಲಿ 32 ಜಿಬಿ ಎಂದು ಕಾಣಿಸಿಕೊಂಡರೆ ಕಿಂಡಿ, ತಂತಿ, ಬೆಸುಗೆ ಎಲ್ಲ ಸರಿ, ತಪ್ಪು ಕಾರ್ಡಿನೊಳಗಿನ ಬರಹದಲ್ಲಿದೆ. ಕಾಣದಿದ್ದರೆ ಕಾರ್ಡ್ ಕ್ಲಿಕ್ ಎನ್ನುವವರೆಗೆ ಕೂತಿದೆಯೇ ನೋಡಿ, ಅದರ ಹಳದಿ ಪಟ್ಟಿಗಳನ್ನು ಒರೆಸಿ. ಒಮ್ಮೆ ಪಿ.ಜೆ. ಬಡಾವಣೆಯಿಂದ ಬಂದ ಹುಡುಗನೊಬ್ಬನ ಕಾರ್ಡಿನಲ್ಲಿ ಸಮಸ್ಯೆ ಎಂದರೆ ಬೆಣ್ಣೆ. ದೋಸೆ ತಿಂದ ಕೈಯಲ್ಲೇ ಕಾರ್ಡ್ ಬದಲಿಸಿದ್ದ. ನಮ್ಮೂರಿನಲ್ಲಿ ಇದನ್ನೂ ಪರೀಕ್ಷಾ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಇಷ್ಟರಲ್ಲಿ ಸರಿಹೋಗದಿದ್ದರೆ ನಾಲ್ಕನೆಯ ಕಾರ್ಡ್ ಕೊಳ್ಳಬೇಡಿ, ಒಂದು ಯುಎಸ್‌ಬಿ ಸೀರಿಯಲ್ ಕೇಬಲ್ ಕೊಳ್ಳಿ. ಬೋರ್ಡ್ ಮೂಕವಲ್ಲ, ನೀವು ಕಿವಿ ಕೊಟ್ಟಿಲ್ಲ ಅಷ್ಟೆ. ಬೋರ್ಡಿನ ಮೇಲೆ ಜೆ1 ಎಂಬ ಆರು ಪಿನ್‌ಗಳ ಸಾಲಿದೆ. ಒಂದನೆಯದು ಗ್ರೌಂಡ್, ನಾಲ್ಕನೆಯದು ಬೋರ್ಡ್ ಕೇಳಿಸಿಕೊಳ್ಳುವುದು, ಐದನೆಯದು ಬೋರ್ಡ್ ಹೇಳುವುದು. ಕೇಬಲ್ ಹೇಳುವ ತಂತಿಯನ್ನು ಬೋರ್ಡ್ ಕೇಳುವ ಪಿನ್ನಿಗೆ, ಕೇಳುವ ತಂತಿಯನ್ನು ಹೇಳುವ ಪಿನ್ನಿಗೆ ಅಡ್ಡ ಜೋಡಿಸಬೇಕು. ವೇಗ 115200. ಕೇಬಲ್ 3.3 ವೋಲ್ಟ್‌ನದೇ ಆಗಿರಬೇಕು. ಜಂಪರ್ 5 ವೋಲ್ಟ್ ಕಡೆಗಿದ್ದುದನ್ನು ನೋಡದೆ ಜೋಡಿಸಿ ನಾನು ಒಂದು ಒಳ್ಳೆಯ ಬೋರ್ಡನ್ನು ಕಳೆದುಕೊಂಡಿದ್ದೇನೆ. ಅದು ಈಗಲೂ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

ಕೇಬಲ್ ಜೋಡಿಸಿ, ಎಸ್2 ಹಿಡಿದು ವಿದ್ಯುತ್ ಕೊಡಿ. ತೆರೆಯ ಮೇಲೆ ಇಂಗ್ಲಿಷಿನ ಸಿ ಅಕ್ಷರ ಮಾತ್ರ ಒಂದರ ಹಿಂದೊಂದು ಬೀಳುತ್ತಿದ್ದರೆ ಅದು ಮೊದಲ ಬಾಗಿಲಿನ ಕೂಗು. ಕಾರ್ಡಿನಲ್ಲಿ ಏನೂ ಸಿಗಲಿಲ್ಲ, ಸೀರಿಯಲ್ ತಂತಿಯಿಂದಲಾದರೂ ಪ್ರೋಗ್ರಾಂ ಕಳುಹಿಸಿ ಎಂದು ರಾಮ್ ಕೋಡ್ ಬೇಡುತ್ತಿದೆ. ನಿಮ್ಮ ಬೋರ್ಡಿನಲ್ಲಿ ಇದೇ ಕಾಣುತ್ತದೆ ಎಂದು ನನ್ನ ಊಹೆ. ಆಗ ಕಾರ್ಡನ್ನು ಮತ್ತೆ ಬರೆಯುವುದೊಂದೇ ದಾರಿ.

ಯು-ಬೂಟ್ ಹೆಸರು ಕಂಡು, ‘ಸ್ಟಾರ್ಟಿಂಗ್ ಕರ್ನಲ್’ ಎಂಬ ಸಾಲಿನ ನಂತರ ಮೌನವಾದರೆ ಕಾರ್ಡಿನ ಬೂಟ್‌ಲೋಡರ್ ತನ್ನ ಕೆಲಸ ಮಾಡಿದೆ. ಅನೇಕ ಸಲ ಕರ್ನಲ್ ಓಡುತ್ತಲೇ ಇರುತ್ತದೆ, ಮಾತು ಮಾತ್ರ ಬೇರೆ ಬಾಗಿಲಿಗೆ ಹೋಗುತ್ತಿರುತ್ತದೆ. ಹಳೆಯ ಕರ್ನಲ್‌ಗಳು ಈ ಸೀರಿಯಲ್ ಬಾಗಿಲನ್ನು ಟಿಟಿವೈಒ0 ಎಂದು ಕರೆಯುತ್ತಿದ್ದವು, ಹೊಸವು ಟಿಟಿವೈಎಸ್0 ಎನ್ನುತ್ತವೆ. ಬೂಟ್ ಸಾಲಿನಲ್ಲಿ ಹಳೆಯ ಹೆಸರಿದ್ದರೆ ಹೀಗಾಗುತ್ತದೆ. ಇನ್ನೊಂದು ಕಾರಣ ಕರ್ನಲ್ಲಿಗೆ ಹೊಂದದ ಡಿವೈಸ್ ಟ್ರೀ. ‘ವೇಟಿಂಗ್ ಫಾರ್ ರೂಟ್ ಡಿವೈಸ್’ ಎಂದು ನಿಂತರೆ ಕರ್ನಲ್ ಎದ್ದಿದೆ, ಮನೆ ಸಿಕ್ಕಿಲ್ಲ. ಇಎಂಎಂಸಿ ಮತ್ತು ಕಾರ್ಡಿಗೆ ಕೊಡುವ 0, 1 ಎಂಬ ಸಂಖ್ಯೆಗಳು ಅದಲುಬದಲಾಗಿರಬಹುದು. ಸಂಖ್ಯೆಯ ಬದಲು ವಿಭಾಗದ ಗುರುತಿನ ಕೋಡ್ ಬರೆದರೆ ಈ ತಾಪತ್ರಯವಿಲ್ಲ.

ನಿಮ್ಮಂತೆ ಸೀನಿಯರ್‌ಗಳ ಬೋರ್ಡ್ ಪಡೆದವರಿಗೆ ಇನ್ನೊಂದು ಬಲೆ ಕಾದಿದೆ. ಎಸ್2 ಹಿಡಿದರೆ ಹೊಸ ಕಾರ್ಡ್ ಚೆನ್ನಾಗಿ ಏಳುತ್ತದೆ, ಹಿಡಿಯದಿದ್ದರೆ ಮಧ್ಯದಲ್ಲಿ ಕುಸಿಯುತ್ತದೆ. ಬಟನ್ ಇಲ್ಲದಾಗ ಇಎಂಎಂಸಿಯಲ್ಲಿರುವ ಹಳೆಯ ಯು-ಬೂಟ್ ಮೊದಲು ಎದ್ದು, ಕಾರ್ಡಿನಲ್ಲಿರುವ ಹೊಸ ಲಿನಕ್ಸನ್ನು ತನಗೆ ತಿಳಿದ ಹಳೆಯ ರೀತಿಯಲ್ಲಿ ಎಬ್ಬಿಸಲು ಹೋಗುತ್ತದೆ. ಹಾಗೆಂದು ಹೊಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಬಟನ್ ಒತ್ತಲು ಒಬ್ಬರನ್ನು ಪಂಪ್ ಮನೆಯಲ್ಲಿ ಕೂರಿಸಲಾದೀತೇ? ಪರಿಹಾರ: ಒಮ್ಮೆ ಎಸ್2 ಹಿಡಿದು ಕಾರ್ಡಿನಿಂದ ಎಬ್ಬಿಸಿ, ಇಎಂಎಂಸಿಯ ಆರಂಭದ 10 ಎಂಬಿಯನ್ನು ಡಿಡಿ ಆಜ್ಞೆಯಿಂದ ಸೊನ್ನೆ ತುಂಬಿಸಿ ಅಳಿಸಿಬಿಡಿ. ಅಲ್ಲಿ ಬೂಟ್‌ಲೋಡರ್ ಸಿಗದೆ ರಾಮ್ ಕೋಡ್ ಮುಂದಿನ ಸರದಿಯ ಕಾರ್ಡಿಗೆ ತಾನಾಗಿ ಬರುತ್ತದೆ. ಅಳಿಸುವ ಮೊದಲು ಗಾತ್ರ ನೋಡಿ: ನಿಮ್ಮ ಕಾರ್ಡ್ 32 ಜಿಬಿ, ಇಎಂಎಂಸಿ ಬೋರ್ಡಿನ ಆವೃತ್ತಿಗೆ ತಕ್ಕಂತೆ 2 ಅಥವಾ 4 ಜಿಬಿ. ಸೀನಿಯರ್‌ಗಳ ಕೋಡ್ ಬೇಕಿದ್ದರೆ ಅದನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳಿ, ಅಳಿಸಿದ ಮೇಲೆ ಹಳೆಯ ಲಿನಕ್ಸ್ ಏಳುವುದಿಲ್ಲ.

ವಿದ್ಯುತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಿಯ ಬೋರ್ಡ್ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಏಳುತ್ತದೆ. ವೈಫೈ ಡಾಂಗಲ್, ಪರದೆ ಸೇರಿಸಿದರೆ ಅದು ಸಾಲದೆ ನಡುವೆ ಆರಿಹೋಗುತ್ತದೆ. 5 ವೋಲ್ಟಿನ, ಮಧ್ಯದ ಪಿನ್ ಧನವಾಗಿರುವ ಅಡಾಪ್ಟರ್ ಕೊಡಿ. ಮನೆಯ ವೈಫೈ ರೂಟರಿನ ಅಡಾಪ್ಟರ್ ಅದೇ ತೂತಿಗೆ ಸರಿಯಾಗಿ ಕೂರಬಹುದು, ಅದು 12 ವೋಲ್ಟ್ ಇದ್ದೀತು. ಚುಚ್ಚುವ ಮೊದಲು ಚೀಟಿ ಓದಿ.

ಕೇಬಲ್ ಸಿಕ್ಕ ಮೇಲೂ ಬೋರ್ಡ್ ಏಳದಿದ್ದರೆ, ತೆರೆಯ ಮೇಲೆ ಬಂದ ಕೊನೆಯ ಇಪ್ಪತ್ತು ಸಾಲುಗಳನ್ನು ನಕಲು ಮಾಡಿ ಕಳುಹಿಸಿ. ದೀಪಗಳ ಫೋಟೊ ಬೇಡ.