97ಕ್ಕೆ 3: ಎಲ್ಲರೂ ಒಟ್ಟಿಗೆ ಸರಿದರೆ ಗೊತ್ತಾಗುವುದು ಹೇಗೆ?

1986ರ ಜೂನ್. ಅಮೆರಿಕದ ಸೆನೆಟ್‌ನಲ್ಲಿ ತೆರಿಗೆ ಸುಧಾರಣೆಯ ಮಸೂದೆ ಮತಕ್ಕೆ ಬಂತು. ಪರವಾಗಿ 97, ವಿರುದ್ಧ ಬರೀ 3. ಅತಿ ದೊಡ್ಡ ಆದಾಯದ ಮೇಲಿನ ತೆರಿಗೆ ದರವನ್ನು ಶೇ 50ರಿಂದ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸುವ ಮಸೂದೆ ಅದು. ಕೊನೆಗೆ ಕಾನೂನಾದಾಗ ಆ ದರ ಶೇ 28ಕ್ಕೆ ನಿಂತಿತು. ರೇಗನ್ ಅಧ್ಯಕ್ಷರಾಗಿದ್ದರು, ಹಾಗಾಗಿ ರಿಪಬ್ಲಿಕನ್ನರು ಹೂಂ ಅಂದದ್ದು ಸಹಜ. ಆದರೆ ಡೆಮಾಕ್ರಟರಲ್ಲೂ ಮೂವರನ್ನು ಬಿಟ್ಟು ಉಳಿದವರೆಲ್ಲ ಹೂಂ ಅಂದರು.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಚುನಾವಣೆ ಹತ್ತಿರ ಬಂದಾಗಲೆಲ್ಲ ಒಂದೇ ಜಗಳ. ‘ಡೆಮಾಕ್ರಟರು ಕಮ್ಯುನಿಸ್ಟರಾಗಿಬಿಟ್ಟರು’ ಅಂತ ಒಬ್ಬರು. ‘ಎರಡೂ ಪಕ್ಷ ದುಡ್ಡಿದ್ದವರ ಕಡೆಗೇ ವಾಲಿವೆ’ ಅಂತ ಇನ್ನೊಬ್ಬರು. ಇಬ್ಬರೂ ಅಂಕಿ ಅಂಶ ತೋರಿಸುತ್ತಾರೆ. ಇಬ್ಬರ ಅಂಕಿಗಳೂ ಸುಳ್ಳಲ್ಲ. ಅಳತೆಗೋಲು ಬೇರೆ ಬೇರೆ, ಅಷ್ಟೇ. ಇದು ಯಾರಿಗೂ ಹೊಳೆಯುವುದಿಲ್ಲವಲ್ಲ ಅಂತ ನನಗೆ ಪ್ರತಿ ಸಲವೂ ಚಡಪಡಿಕೆ.

ಮೊದಲನೆಯ ಅಳತೆಗೋಲು ನನಗೆ ತುಂಬಾ ಇಷ್ಟವಾದದ್ದು. 1980ರ ದಶಕದ ಆರಂಭದಲ್ಲಿ ಕೀತ್ ಪೂಲ್ ಮತ್ತು ಹೋವರ್ಡ್ ರೋಸೆಂತಾಲ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಕಟ್ಟತೊಡಗಿದರು. ಇವತ್ತು ಬಳಕೆಯಲ್ಲಿರುವ ರೂಪಕ್ಕೆ ಡಿಡಬ್ಲ್ಯು-ನಾಮಿನೇಟ್ ಎಂದು ಹೆಸರು. ಅದರ ಉಪಾಯ ಎಷ್ಟು ಸರಳ ನೋಡಿ. ಒಂದು ದೊಡ್ಡ ಮದುವೆ ಮನೆ ಅಂದುಕೊಳ್ಳಿ. ನೀವು ಬಡಿಸುವವರು. ಊಟಕ್ಕೆ ಕೂತವರಲ್ಲಿ ಒಬ್ಬರ ಪರಿಚಯವೂ ನಿಮಗಿಲ್ಲ. ಗದ್ದಲದಲ್ಲಿ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಆದರೆ ಪ್ರತಿ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅಂತ ಬರೆದಿಟ್ಟುಕೊಂಡಿರಿ. ನೂರು ಪಂಕ್ತಿ ಆಗುವ ಹೊತ್ತಿಗೆ ಯಾರು ಯಾರ ಕಡೆಯವರು, ಯಾರಿಗೆ ಯಾರು ಆಗಿಬರುವುದಿಲ್ಲ, ಎಲ್ಲ ನಿಮಗೆ ಗೊತ್ತಾಗಿರುತ್ತದೆ. ಅವರು ಏನು ಮಾತಾಡಿದರು ಅಂತ ತಿಳಿಯದೆಯೇ!

ಈ ಲೆಕ್ಕವೂ ಹಾಗೆಯೇ. ಮಸೂದೆಯಲ್ಲಿ ಏನಿದೆ ಅಂತ ಅದು ನೋಡುವುದೇ ಇಲ್ಲ. ಯಾರು ಯಾರ ಜೊತೆ ಮತ ಹಾಕಿದರು ಎಂಬುದಷ್ಟೇ ಅದಕ್ಕೆ ಬೇಕು. ಅದರಿಂದಲೇ ಒಬ್ಬೊಬ್ಬರನ್ನೂ ಮೈನಸ್ 1ರಿಂದ ಪ್ಲಸ್ 1ರವರೆಗಿನ ಗೆರೆಯ ಮೇಲೆ ಕೂರಿಸುತ್ತದೆ. ಆ ಗೆರೆ ಬಹುಪಾಲು ಆರ್ಥಿಕ ವಿಚಾರದ್ದೇ, ಅಂದರೆ ಮಾರುಕಟ್ಟೆಯಲ್ಲಿ ಸರ್ಕಾರ ಎಷ್ಟು ಕೈ ಹಾಕಬೇಕು ಎಂಬುದು. ಹೆಚ್ಚು ಅನ್ನುವವರು ಎಡಕ್ಕೆ, ಕಡಿಮೆ ಅನ್ನುವವರು ಬಲಕ್ಕೆ. ಬೇರೆ ಬೇರೆ ಕಾಲದವರನ್ನು ಹೋಲಿಸುವುದು ಹೇಗೆ? ಬಹಳ ವರ್ಷ ಸದನದಲ್ಲಿ ಉಳಿದವರನ್ನು ಕೊಂಡಿ ಮಾಡಿಕೊಂಡು. ಎಲ್ಲ ಮದುವೆಗೂ ಬರುವ ಹಿರಿಯರೊಬ್ಬರು ಇರುತ್ತಾರಲ್ಲ, ಅವರಿಂದ ಎಷ್ಟು ದೂರ ಅಂತ ಹೊಸಬರನ್ನು ಗುರುತಿಸಿದ ಹಾಗೆ.

ಈ ಕೋಲು ಹೇಳುವುದೇನು? 1970ರ ದಶಕದಲ್ಲಿ ಎರಡು ಪಕ್ಷಗಳೂ ಮಧ್ಯದಲ್ಲಿ ಬೆರೆತಿದ್ದವು. ನ್ಯೂಯಾರ್ಕಿನ ರಿಪಬ್ಲಿಕನ್ ಜೇಕಬ್ ಜಾವಿಟ್ಸ್ ದಕ್ಷಿಣದ ಎಷ್ಟೋ ಡೆಮಾಕ್ರಟರಿಗಿಂತ ಎಡಕ್ಕಿದ್ದರು. ಇವತ್ತು ಬೆರಕೆ ಇಲ್ಲವೇ ಇಲ್ಲ. ರಿಪಬ್ಲಿಕನ್ನರು ಬಲಕ್ಕೆ ಬಹಳ ದೂರ ಹೋದರು. ಡೆಮಾಕ್ರಟರು ಎಡಕ್ಕೆ ಸ್ವಲ್ಪ ಸರಿದರು, ಅದೂ ದಕ್ಷಿಣದ ಸಂಪ್ರದಾಯವಾದಿಗಳು ಪಕ್ಷದಲ್ಲಿ ಇಲ್ಲವಾದದ್ದರಿಂದ ಒಂದು ದೊಡ್ಡ ಪಾಲು. ಹಾಗಾದರೆ ಡೆಮಾಕ್ರಟರು ಬಲಕ್ಕೆ ಹೋಗಲಿಲ್ಲ, ಪ್ರಶ್ನೆ ಮುಗಿಯಿತು ಅಲ್ವಾ?

ಮುಗಿಯಲಿಲ್ಲ. 97-3ಕ್ಕೆ ವಾಪಸ್ ಬನ್ನಿ. ಇಡೀ ಪಂಕ್ತಿ ಎದ್ದು ಪಕ್ಕದ ಕೋಣೆಗೆ ಹೋಗಿ ಅದೇ ಸಾಲಿನಲ್ಲಿ ಕೂತರೆ ಬಡಿಸುವವರ ಪುಸ್ತಕದಲ್ಲಿ ಏನು ಬದಲಾಗುತ್ತದೆ? ಏನೂ ಇಲ್ಲ. ತಂಬೂರಿಯ ಶ್ರುತಿಯೇ ಒಂದು ಮನೆ ಇಳಿದರೆ, ಹಾಡುವವರು ಅದಕ್ಕೆ ಸರಿಯಾಗಿ ಹಾಡುತ್ತಲೇ ಇರುತ್ತಾರೆ. ಬೇಸುರ ಕೇಳಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಸರಿದ ದೊಡ್ಡ ಜರುಗುವಿಕೆಯೇ ಈ ಲೆಕ್ಕಕ್ಕೆ ಕಾಣದಂತಾಗುತ್ತದೆ. ಪಕ್ಷಗಳ ನಡುವಿನ ಅಂತರವನ್ನು ಅದು ಚೆನ್ನಾಗಿ ಅಳೆಯುತ್ತದೆ. ನೆಲ ಸರಿದದ್ದನ್ನು ಅಳೆಯುವುದಿಲ್ಲ.

ಅದಕ್ಕೇ ಎರಡನೆಯ ಕೋಲು ಬೇಕು: ಕಾನೂನಿನ ಪುಸ್ತಕದಲ್ಲಿರುವ ಅಂಕಿ. 1950ರ ದಶಕದಲ್ಲಿ ಐಸೆನ್‌ಹೋವರ್ ಎಂಬ ರಿಪಬ್ಲಿಕನ್ ಅಧ್ಯಕ್ಷರ ಕಾಲದಲ್ಲಿ ಮೇಲಿನ ದರ ಶೇ 91. ಇದನ್ನು ಕೇಳಿದ ಕೂಡಲೇ ‘ನೂರು ರೂಪಾಯಿಗೆ 91 ಕಿತ್ತುಕೊಳ್ಳುತ್ತಿದ್ದರಾ’ ಅಂತಾರೆ. ಇಲ್ಲ. ಒಂಟಿ ವ್ಯಕ್ತಿಯ ತೆರಿಗೆಯೋಗ್ಯ ಆದಾಯ 2 ಲಕ್ಷ ಡಾಲರ್ ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ ಆ ದರ. ಕೆಳಗಿನ ಮೆಟ್ಟಿಲುಗಳಿಗೆ ಕಡಿಮೆ ದರ. ಆಗಿನ 2 ಲಕ್ಷ ಅಂದರೆ ಇವತ್ತಿನ 20 ಲಕ್ಷಕ್ಕೂ ಜಾಸ್ತಿ. ಆ ಮೆಟ್ಟಿಲು ಹತ್ತಿದವರು ತೀರಾ ಕಮ್ಮಿ, ನುಣುಚಿಕೊಳ್ಳುವ ದಾರಿಗಳೂ ಬೇಕಾದಷ್ಟಿದ್ದವು. 1986ರ ಕಾನೂನು ಅಂಥ ಎಷ್ಟೋ ದಾರಿಗಳನ್ನು ಮುಚ್ಚಿತು, ಅದನ್ನೂ ಹೇಳಬೇಕು.

ಈಗ ನನ್ನ ಅಚ್ಚುಮೆಚ್ಚಿನ ಉದಾಹರಣೆ. 1993ರಲ್ಲಿ ಕ್ಲಿಂಟನ್ ಈ ದರವನ್ನು ಶೇ 39.6ಕ್ಕೆ ಏರಿಸಿದರು. ಒಬ್ಬ ರಿಪಬ್ಲಿಕನ್ ಕೂಡ ಒಪ್ಪಲಿಲ್ಲ. ಸೆನೆಟ್‌ನಲ್ಲಿ 50-50 ಆಗಿ, ಉಪಾಧ್ಯಕ್ಷ ಅಲ್ ಗೋರ್ ಮತ ಹಾಕಿ ಗೆಲ್ಲಿಸಬೇಕಾಯಿತು. ಮೊದಲ ಕೋಲಿನ ಪ್ರಕಾರ ಇದು ಅಪ್ಪಟ ಎಡದ ಮತ. ಎರಡನೆಯದನ್ನು ಇಟ್ಟು ನೋಡಿ: ರೇಗನ್ ಕಾಲದಲ್ಲೇ 1982ರಿಂದ 1986ರವರೆಗೆ ಇದ್ದ ದರ ಶೇ 50. ಎಡಕ್ಕೆ ಎಳೆದಾಡಿ ಗೆದ್ದವರು ಬಂದು ನಿಂತದ್ದು ರೇಗನ್ ಹಿಂದೆ ನಿಂತಿದ್ದ ಜಾಗಕ್ಕಿಂತ ಬಲಕ್ಕೆ! ಈಗಿನ ದರ ಶೇ 37.

ಹಳೆಯ ಇತಿಹಾಸ ತೆಗೆದರೆ ಇಂಥವು ರಾಶಿ ಸಿಗುತ್ತವೆ. 1971ರ ಆಗಸ್ಟ್ 15ರಂದು ಬೆಲೆ ಮತ್ತು ಕೂಲಿ ಏರುವುದನ್ನು 90 ದಿನ ಆಜ್ಞೆ ಮಾಡಿ ನಿಲ್ಲಿಸಿದವರು ರಿಪಬ್ಲಿಕನ್ ನಿಕ್ಸನ್. ವಿಮಾನ, ಲಾರಿ, ರೈಲುಗಳ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದ 1978 ಮತ್ತು 1980ರ ಕಾನೂನುಗಳಿಗೆ ಸಹಿ ಹಾಕಿದವರು ಡೆಮಾಕ್ರಟ್ ಕಾರ್ಟರ್. ಇದೆಲ್ಲ ರೇಗನ್‌ರಿಂದ ಶುರುವಾಯಿತು ಅನ್ನುವವರು ಇದನ್ನು ಮರೆಯುತ್ತಾರೆ. ದೊಡ್ಡ ಸರ್ಕಾರದ ಕಾಲ ಮುಗಿಯಿತು ಅಂತ 1996ರಲ್ಲಿ ಸಾರಿದವರೂ ಡೆಮಾಕ್ರಟ್ ಕ್ಲಿಂಟನ್ನರೇ.

ಹಾಗಂತ ಎಲ್ಲವೂ ಬಲಕ್ಕೆ ಹೋಯಿತು ಅನ್ನುವುದೂ ತಪ್ಪು. 1965ರ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಗಟ್ಟಿಯಾಗಿ ನಿಂತಿದೆ. 2010ರ ಆರೋಗ್ಯ ವಿಮೆ ಕಾನೂನು ಕೋಟ್ಯಂತರ ಜನಕ್ಕೆ ರಕ್ಷಣೆ ಕೊಟ್ಟಿತು. ಆಮದು ಸುಂಕದ ವಿಚಾರಕ್ಕೆ ಬಂದರಂತೂ ಎರಡೂ ಕೋಲು ತಡವರಿಸುತ್ತವೆ. 1993ರಲ್ಲಿ ಕೆನಡಾ, ಮೆಕ್ಸಿಕೊ ಜೊತೆಗಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದಕ್ಕೆ ಕೆಳಮನೆಯಲ್ಲಿ ಡೆಮಾಕ್ರಟರಿಗಿಂತ ರಿಪಬ್ಲಿಕನ್ನರ ಮತವೇ ಜಾಸ್ತಿ ಬಿತ್ತು. 2018ರಲ್ಲಿ ಚೀನಾದ ಸರಕಿಗೆ ಸುಂಕ ಹಾಕಿದವರು ರಿಪಬ್ಲಿಕನ್ ಟ್ರಂಪ್, ಅದನ್ನು ಉಳಿಸಿಕೊಂಡವರು ಡೆಮಾಕ್ರಟ್ ಬೈಡನ್. 2025ರಲ್ಲಿ ಟ್ರಂಪ್ ಸರ್ಕಾರ ಇಂಟೆಲ್ ಕಂಪನಿಯ ಶೇ 10ರಷ್ಟು ಪಾಲನ್ನೇ ತೆಗೆದುಕೊಂಡಿತು. ಇದು ಎಡವೋ ಬಲವೋ? ನನ್ನ ಪ್ರಕಾರ ಆ ಒಂದೇ ಗೆರೆಗೆ ಇದು ಹೊಂದುವುದಿಲ್ಲ.

ತೆರಿಗೆ, ಕಾರ್ಮಿಕ, ನಿಯಂತ್ರಣ ಈ ಮೂರರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. 1978ರಿಂದ 2000ದವರೆಗೆ ನೆಲವೇ ಬಲಕ್ಕೆ ಸರಿಯಿತು, ರಿಪಬ್ಲಿಕನ್ನರು ಅದರ ಮೇಲೆ ಇನ್ನೂ ಮುಂದೆ ನಡೆದರು. ಡೆಮಾಕ್ರಟರು ಆಮೇಲೆ ತಿರುಗಿ ನಡೆಯುತ್ತಿದ್ದಾರೆ, ಆದರೆ ಸರಿದ ನೆಲದ ಮೇಲೆ.

ಕೆಲವು ಸಲ ಸರಿಯುವುದಕ್ಕೆ ಮತವೂ ಬೇಕಾಗಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 1968ರಲ್ಲಿ ಗಂಟೆಗೆ 1.60 ಡಾಲರ್. ಇವತ್ತಿನ ಬೆಲೆಯಲ್ಲಿ 14 ಡಾಲರಿಗೂ ಜಾಸ್ತಿ. 2009ರ ಜುಲೈ 24ರಂದು ಅದು 7.25 ಆಯಿತು. ಅಲ್ಲಿಂದ ಸುಮ್ನೆ ನಿಂತುಬಿಟ್ಟಿತು. ಯಾರೂ ಇಳಿಸಲಿಲ್ಲ, ಬೆಲೆಗಳು ಏರಿದವು. 2021ರ ಮಾರ್ಚ್‌ನಲ್ಲಿ 15 ಡಾಲರ್ ಮಾಡುವ ತಿದ್ದುಪಡಿ ಸೆನೆಟ್‌ನಲ್ಲಿ 42-58ರಿಂದ ಬಿದ್ದಿತು. ಬೇಡ ಅಂದವರಲ್ಲಿ 8 ಮಂದಿ ಡೆಮಾಕ್ರಟರ ಕಡೆಯವರೇ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮದೇ ದರ ಇಟ್ಟುಕೊಂಡಿವೆ. ಟೆಕ್ಸಾಸ್‌ನಲ್ಲಿ ಕಾನೂನಿನ ಕನಿಷ್ಠ ಈಗಲೂ 7.25. ವಾರಕ್ಕೆ 40 ಗಂಟೆ ದುಡಿದರೆ 290 ಡಾಲರ್.